ಕಚ್ಚಿದ್ದನ್ನು ತಪ್ಪದೆ ತರತಕ್ಕದ್ದು

ತಾವು ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ಗೊಣಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಊರವರಿಗಾಗಿ ನಾನು ಬರೆದದ್ದು ಒಂದೇ ಒಂದು ಸಾಲು. ಅದನ್ನು ಮೂರು ಹೋಬಳಿಯ ಜನ ಓದಿದರು, ಓದು ಬಾರದವರು ಓದಿಸಿಕೊಂಡರು, ಎಲ್ಲರೂ ಚಾಚೂ ತಪ್ಪದೆ ಹಾಗೇ ನಡೆದುಕೊಂಡರು. ಅದರ ಫಲವಾಗಿ ನನ್ನ ಎಡ ಮೊಣಕೈಯನ್ನು ಇಂದಿಗೂ ಪೂರ್ತಿ ಮಡಚಲಾಗುವುದಿಲ್ಲ.

ಆಗ ಎರಡನೆಯ ಮಹಾಯುದ್ಧದ ಕಾಲ. ಚನ್ನರಾಯಪಟ್ಟಣದ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್. ತುರ್ತು ಚಿಕಿತ್ಸೆಗೆಂದು ಬೇರೆ ಕೋಣೆ ಇರಲಿಲ್ಲ, ಮುಂದಿನ ಜಗಲಿಯೇ ಅದು. ಅಲ್ಲಿ ಒಂದು ಉದ್ದನೆಯ ಮೇಜು, ಎತ್ತರದ ಸ್ಟೂಲು, ಸೂಜಿ ಕುದಿಸುವ ಸ್ಟೌ, ಟಿಂಚರು, ಮೂಳೆ ಮುರಿದರೆ ಕಟ್ಟಲು ಬಿದಿರಿನ ದಬ್ಬೆ, ಕಣಗಿಲೆ ಬೀಜ ತಿಂದು ಬಂದವರ ಹೊಟ್ಟೆ ತೊಳೆಯಲು ಒಂದು ರಬ್ಬರ್ ಕೊಳವೆ. ಇಷ್ಟರಲ್ಲಿ ಆಗುವುದನ್ನೆಲ್ಲ ಮಾಡುತ್ತಿದ್ದೆವು. ಮಿಕ್ಕದ್ದನ್ನು ಹಾಸನಕ್ಕೆ ಸಾಗಿಸುತ್ತಿದ್ದೆವು. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇದ್ದದ್ದೂ ಹಾಸನದಲ್ಲೇ. ಅಲ್ಲಿಗೆ ಹೋಗುತ್ತಿದ್ದದ್ದು ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು. ಏರು ಬಂದರೆ ಜನ ಇಳಿದು ತಳ್ಳಬೇಕು. ರೋಗಿಗೆ ಮಾತ್ರ ಮಾಫಿ.

ಜಗಲಿಯ ಕಂಬದ ಮೇಲೆ ಒಂದು ಬೋರ್ಡಿತ್ತು: ‘ಔಷಧಿಗೆ ಬಾಟ್ಲಿ ತರತಕ್ಕದ್ದು.’ ಬಾಟ್ಲಿ ಇಲ್ಲದವನಿಗೆ ಔಷಧಿ ಇಲ್ಲ. ಎಷ್ಟೋ ಜನರನ್ನು ನಾನೇ ವಾಪಸು ಕಳಿಸಿದ್ದೆ. ಒಂದು ದಿನ ನಮ್ಮ ಡಾಕ್ಟರು ಕೈ ತೊಳೆಯುತ್ತ, “ಏನು ಕಚ್ಚಿತು ಅಂತ ಗೊತ್ತಾದ್ರೆ ಅರ್ಧ ಕೆಲಸ ಆದ ಹಾಗೆ ಕಣಯ್ಯ, ಜನಕ್ಕೆ ಹೇಳಿ ನೋಡು” ಎಂದರು. ಹೇಳುವುದಕ್ಕಿಂತ ಬರೆಯುವುದು ಮೇಲು ಎನಿಸಿತು. ನನ್ನ ತಾತ ಶಾನುಭೋಗರು. ‘ತಕ್ಕದ್ದು’ ಎಂದು ಮುಗಿಯದ ಬರಹಕ್ಕೆ ಬೆಲೆಯಿಲ್ಲ ಎಂದು ನನಗೆ ಅಕ್ಷರದ ಜೊತೆಗೇ ಕಲಿಸಿದ್ದವರು. ಬಾಟ್ಲಿಯ ಸಾಲಿನ ಕೆಳಗೆ ಬರೆದೆ: ‘ಕಚ್ಚಿದ್ದನ್ನು ತಪ್ಪದೆ ತರತಕ್ಕದ್ದು.’ ‘ತಪ್ಪದೆ’ ಎಂಬುದು ನನ್ನ ಕೈಯಿಂದ ಹಾಕಿದ ಒಗ್ಗರಣೆ.

ಬರತೊಡಗಿದವು. ಸುಣ್ಣದ ಡಬ್ಬಿಯಲ್ಲಿ ಚೇಳು ಬಂತು. ಹಗ್ಗ ಕಟ್ಟಿಸಿಕೊಂಡು ಬಂದ ನಾಯಿ, ದಾರಿಯಲ್ಲಿ ಗಾಡಿ ಹೊಡೆಯುವವನನ್ನೂ ಕಚ್ಚಿ ಎರಡನೆಯ ರೋಗಿಯನ್ನು ಒದಗಿಸಿತು. ಸಂತೆಯ ಜಗಳದಲ್ಲಿ ಕೈ ಕಚ್ಚಿಸಿಕೊಂಡ ಒಬ್ಬ, ಕಚ್ಚಿದ ಭಾವಮೈದುನನನ್ನೇ ರೆಟ್ಟೆ ಹಿಡಿದು ತಂದು ನಿಲ್ಲಿಸಿದ. ಡಾಕ್ಟರು ನನ್ನ ಮುಖ ನೋಡಿದರು. ನಾನು ಸ್ಟೌಗೆ ಗಾಳಿ ಹಾಕಿದೆ.

ಹೀಗಿರುವಾಗ ಒಂದು ಮಧ್ಯಾಹ್ನ ಹಿರೀಸಾವೆ ಕಡೆಯಿಂದ ಗಾಡಿ ಬಂತು. ಒಳಗೆ ಬೋರಯ್ಯನೆಂಬ ರೈತ, ಕಾಲಿಗೆ ಬಿಗಿದ ಹಗ್ಗ. ಪಕ್ಕದಲ್ಲಿ ಹೆಂಡತಿ ಕೆಂಪಮ್ಮ. ಮುಂದೆ ಬೋರಯ್ಯನ ಅಣ್ಣ ಜವರಯ್ಯ, ಬಾಯಿಗೆ ಬಟ್ಟೆ ಕಟ್ಟಿದ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಬೆಳಿಗ್ಗೆ ಹಾವು ಕಚ್ಚಿದ್ದಕ್ಕೆ ಈಗ ಬರ್ತಿದ್ದೀರಲ್ಲಪ್ಪ” ಎಂದರು ಡಾಕ್ಟರು.

“ಇದ್ನ ಇಡಿಯಾಕೇ ಒತ್ತಾಯ್ತು ಸಾ” ಎಂದು ಜವರಯ್ಯ ಮಡಕೆ ತೋರಿಸಿದ.

ಕಾಲು ಊದಿತ್ತು. ವಿಷಕ್ಕೋ ಹಗ್ಗದ ಬಿಗಿಗೋ ಹೇಳುವಂತಿರಲಿಲ್ಲ. ಹೊರಗೆ ಹಾಸನದ ಕಡೆಯ ಬಸ್ಸು ಇದ್ದಿಲಿಗೆ ಗಾಳಿ ಹಾಕಿಸಿಕೊಳ್ಳುತ್ತಿತ್ತು. ಅದು ಹೋದರೆ ಮತ್ತೆ ನಾಳೆಯೇ. “ಮಡಕೆ ಬಿಚ್ಚು” ಎಂದರು ಡಾಕ್ಟರು ನನಗೆ. ಬೋರ್ಡು ಬರೆದವನು ಬಿಚ್ಚದೆ ಇನ್ನು ಯಾರು ಬಿಚ್ಚಬೇಕು? ಮಡಕೆಯನ್ನು ನೆಲದ ಮೇಲಿಡಿಸಿ, ಸ್ಟೂಲಿನ ಮೇಲೆ ನಿಂತು, ದಬ್ಬೆಯ ತುದಿಯಿಂದ ಬಟ್ಟೆ ಸರಿಸಿದೆ. ಹಾವು ಹೊರಬಂದು ನೇರ ಸ್ಟೂಲಿನ ಕಡೆಗೇ ಹರಿಯಿತು. ಮುಂದಿನದು ನನಗೆ ತಿಳಿದದ್ದು ನೆಲದ ಮೇಲಿನಿಂದ.

“ಕೇರೆ. ವಿಷ ಇಲ್ಲ. ಬಸ್ಸಿನವನಿಗೆ ಹೋಗು ಅನ್ನಿ” ಎಂದರು ಡಾಕ್ಟರು.

ಜವರಯ್ಯ ಕಂಬದ ಬೋರ್ಡು ನೋಡುತ್ತಿದ್ದ. ಭಾವನ ಎದುರು ಬಾಯಿ ಬಿಡದ ಕೆಂಪಮ್ಮ ಸೆರಗು ಎಳೆದುಕೊಂಡು, “ಅದಲ್ಲ ಸಾ ಕಚ್ಚಿದ್ದು” ಎಂದಳು. “ಅದು ಗದ್ದೆ ಬದದೊಳಕ್ಕೆ ನುಗ್ಗೋಯ್ತು. ಎಷ್ಟ್ ಅಗದ್ರೂ ಸಿಗ್ನಿಲ್ಲ. ಆವಿಲ್ದೆ ಬಂದ್ರೆ ಸೇರುಸ್ಕಳಾಕಿಲ್ಲ ಅಂತ ಭಾವ್ನೋರು ಇದ್ನ ಉಲ್ಲಿನ ಮೆದೆ ತಾವ ಇಡ್ಕಂಡ್ ಬಂದ್ರು.”

“ಬಾಟ್ಲಿ ಇಲ್ದೆ ಬಂದಾಗ ಇದೇ ಕಾಂಪೌಂಡ್ರಯ್ಯ ನನ್ನ ವಾಪಸ್ ಕಳುಸ್ನಿಲ್ವಾ ಸಾ?” ಎಂದ ಜವರಯ್ಯ.

“ಕಚ್ಚಿದ್ದು ಹೆಂಗಿತ್ತಮ್ಮ?”

“ಎಡೆ ಎತ್ತಿತ್ತು ಸಾ.”

ಹೆಡೆ ಎತ್ತಿತ್ತೆಂದರೆ ನಾಗರ. ಡಾಕ್ಟರು ಬೋರಯ್ಯನ ಮುಖ ಎತ್ತಿ ನೋಡಿದರು. ನಿದ್ದೆಯ ಜೊಂಪು ಎಂದು ನಾವೆಲ್ಲ ತಿಳಿದಿದ್ದೆವು. ಅವನ ರೆಪ್ಪೆಗಳು ಆಗಲೇ ವಿಷಕ್ಕೆ ಜೋಲುತ್ತಿದ್ದವು. ಅವರು ಓಡಿಹೋಗಿ ಬಸ್ಸಿನ ಮುಂದೆ ನಿಂತರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಂದು ನನ್ನ ಕೈ ಮುಟ್ಟಿ, “ಕೀಲು ತಪ್ಪಿದೆ. ರೋಗಿ ಜೊತೆಗೆ ನೀನು ಹೇಗೂ ಹೋಗಬೇಕು, ಇದನ್ನೂ ತೋರಿಸಿಕೊಂಡು ಬಾ” ಎಂದರು.

ದಾರಿಯಲ್ಲಿ ಎರಡು ಏರು ಬಂದವು. ಎರಡು ಸಲವೂ ಇಳಿದು ಒಂದೇ ಕೈಯಲ್ಲಿ ತಳ್ಳಿದೆ. ನಾನೂ ರೋಗಿಯೇ ಎಂದು ಹೇಳಲು ನಾಲಿಗೆ ಏಳಲಿಲ್ಲ. ಒಳಗಿನಿಂದ ಕೆಂಪಮ್ಮನ ದನಿ ಕೇಳುತ್ತಲೇ ಇತ್ತು: “ಕಣ್ ಬುಡಿ, ಮನಿಕೋಬ್ಯಾಡಿ, ಇನ್ನೇನ್ ಬಂತು.” ಆ ದನಿ ನಿಲ್ಲದಿರಲಿ ಎಂದು ತಳ್ಳಿದೆ. ಹಾಸನದಲ್ಲಿ ಇಂಜೆಕ್ಷನ್ ಆಯಿತು. ಮಾರನೆಯ ಬೆಳಿಗ್ಗೆ ಬೋರಯ್ಯ ಕಣ್ಣು ಬಿಟ್ಟು ಎಲೆಯಡಿಕೆ ಕೇಳಿದ ಮೇಲೆಯೇ ನನ್ನ ಕೈ ನೋಯುತ್ತಿರುವುದು ನನಗೆ ಗೊತ್ತಾದದ್ದು.

ನನ್ನ ಸರದಿ ಬಂದಾಗ ಅಲ್ಲಿನವರು, “ಯಾವುದರಿಂದ ಬಿದ್ದಿರಿ?” ಎಂದು ಕೇಳಿದರು. ಸ್ಟೂಲಿನಿಂದ ಎಂದೆ. ತಮ್ಮನ ಜೊತೆ ಬಂದು ಹಿಂದೆ ನಿಂತಿದ್ದ ಜವರಯ್ಯ ಸರಸರನೆ ಹೊರಗೆ ಹೋಗಿ, ನಮ್ಮ ಆಸ್ಪತ್ರೆಯ ಸ್ಟೂಲನ್ನು ಹೊತ್ತು ತಂದು ಅವರ ಮುಂದಿಟ್ಟ. ಬಸ್ಸಿನ ಮೇಲೆ ಕಟ್ಟಿಸಿಕೊಂಡು ಬಂದಿದ್ದನಂತೆ.

“ಈ ಸಲ ಬದ್ಲು ತಂದಿಲ್ಲ ಸಾ” ಎಂದ. “ಬಿದ್ದಿದ್ದು ಇದ್ರಿಂದ್ಲೇ.”

ಊರಿಗೆ ಮರಳಿದ ದಿನವೇ ಆ ಸಾಲನ್ನು ಅಳಿಸಿದೆ. ಬೋರ್ಡು ಎತ್ತರದಲ್ಲಿದ್ದುದರಿಂದ ಅದೇ ಸ್ಟೂಲನ್ನು ಹತ್ತಬೇಕಾಯಿತು. ಅಲುಗದಂತೆ ಹಿಡಿದುಕೊಂಡವನು ಜವರಯ್ಯ.