ಚಿಲಕವಿದ್ದ ಕೋಣೆ

ಇಷ್ಟಕ್ಕೆಲ್ಲ ಕಾರಣವಾದದ್ದು ಒಂದು ಚಿಲಕ. ಮಾರಾಟಕ್ಕಿದ್ದ ಆ ಮನೆಯ ಹಿಂಭಾಗದಲ್ಲೊಂದು ಪುಟ್ಟ ಕೋಣೆಯಿತ್ತು. ಅದಕ್ಕೊಂದು ಕಿಟಕಿ, ಕಿಟಕಿಯ ತುಂಬ ಬೆಳಕು, ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಮದುವೆಯಾದಂದಿನಿಂದ ಓಣಿಯಂಥ ನಡುಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಹೋಗಿಬರುವವರಿಗೆಲ್ಲ ಮೊಣಕಾಲು ಮಡಚಿ ದಾರಿ ಬಿಟ್ಟವಳು ಟೈಲರಮ್ಮ. ಆ ಚಿಲಕವನ್ನು ಒಮ್ಮೆ ಹಾಕಿದಳು, ಒಮ್ಮೆ ತೆಗೆದಳು. ಹೊರಗೆ ಬರುವಷ್ಟರಲ್ಲಿ ಮನಸ್ಸಿನಲ್ಲಿ ಆ ಮನೆ ಅವಳದಾಗಿತ್ತು.

ಮೊದಲು ಇರುವ ಮನೆ ಮಾರೋಣ, ಆಮೇಲೆ ಕೊಳ್ಳೋಣ ಎಂದ ಗಂಡ. ಅಷ್ಟರಲ್ಲಿ ಆ ಕೋಣೆ ಬೇರೆಯವರ ಪಾಲಾದರೆ? ಇಬ್ಬರ ವಾದವನ್ನು ಬಗೆಹರಿಸಿದವನು ದಲ್ಲಾಳಿ. ಏನು ಕೇಳಿದರೂ ‘ಆಯ್ತು’ ಎನ್ನುತ್ತಿದ್ದುದರಿಂದ ಅವನನ್ನು ಎಲ್ಲರೂ ಆಯ್ತಣ್ಣ ಎಂದೇ ಕರೆಯುತ್ತಿದ್ದರು.

“ಎರಡೂ ಒಟ್ಟಿಗೇ ಆಗುತ್ತೆ ಅಕ್ಕ. ನಮ್ಮನೆ ಇನ್ನೂ ಮಾರಿಲ್ಲ ಅಂತ ಮಾತ್ರ ಬಾಯಿ ಬಿಡಬೇಡಿ. ಅಂಥವರ ಮಾತಿಗೆ ಬೆಲೆ ಇರಲ್ಲ. ಹಣ ರೆಡಿ ಇದೆ ಅನ್ನಿ, ಸಾಕು.”

ಟೈಲರಮ್ಮ ಹೋಗಿ ಹಾಗೆಯೇ ಅಂದಳು. ಆ ಮನೆಯ ಯಜಮಾನ ಬ್ಯಾಂಕಿನಿಂದ ನಿವೃತ್ತನಾದವನು. ಮಾತು ಕೇಳಿದ್ದೇ ಕುರ್ಚಿಯ ಧೂಳು ಕೊಡವಿ ಅವಳನ್ನು ಕೂರಿಸಿದ. ಹಾಗೆ ಯಾರೂ ಅವಳನ್ನು ಕೂರಿಸಿದ್ದಿಲ್ಲ. ಸುಳ್ಳಾಡಿದ ನಾಚಿಕೆ ದಾರಿಯಲ್ಲೇ ಇಳಿದುಹೋಯಿತು, ಆ ಮರ್ಯಾದೆಯ ರುಚಿ ಮಾತ್ರ ಮನೆಯ ತನಕ ಬಂತು.

ಮುಂಗಡ ಕೊಟ್ಟದ್ದಾಗಿತ್ತು, ಈಗ ಬಾಕಿ ಹಣದ ಗಡುವು ಬಾಗಿಲಿಗೇ ಬಂದು ನಿಂತಿತ್ತು. ತಪ್ಪಿದರೆ ಕೊಟ್ಟ ಮುಂಗಡ ಹೋಗುತ್ತಿತ್ತು, ಕೋಣೆಯೂ ಹೋಗುತ್ತಿತ್ತು. ಅವಳ ಮನೆ ನೋಡಲು ಬಂದವರೆಲ್ಲ ಟೀ ಕುಡಿದು, ಹೇಳಿ ಕಳಿಸ್ತೀವಿ ಎಂದು ಹೋದವರೇ. ಭಾನುವಾರ ಇನ್ನೊಂದು ದಂಪತಿಯನ್ನು ಕರೆತರುತ್ತೇನೆ, ಇದು ಆಗೇ ಆಗುತ್ತೆ ಎಂದ ಆಯ್ತಣ್ಣ.

ಭಾನುವಾರ ಬೆಳಗ್ಗೆಯೇ ಮನೆಗೆ ವೇಷ ಹಾಕುವ ಕೆಲಸ ಶುರುವಾಯಿತು. ನಡುಮನೆ ಅಗಲವಾಗಿ ಕಾಣಲೆಂದು ಹೊಲಿಗೆ ಯಂತ್ರ, ಬಟ್ಟೆಯ ಗಂಟುಗಳೆಲ್ಲ ಮಹಡಿ ಹತ್ತಿ ಮೇಲ್ಮನೆಯಾಕೆಯ ಮಂಚದಡಿ ಸೇರಿದವು. ಆಕೆ ಸಂಬಂಧದಿಂದಲ್ಲ, ಸಲಿಗೆಯಿಂದ ಇವರಿಗೆ ಅತ್ತಿಗೆಯಾದವಳು. ತೇವದ ಕಲೆಯ ಮುಂದೆ ಕಪಾಟು ಬಂತು. ಗೋಡೆಯ ಬಿರುಕಿಗೆ ಅಡ್ಡ ಇಡಲು ಏನೂ ಉಳಿದಿರಲಿಲ್ಲ, ಗಂಡನನ್ನೇ ನಿಲ್ಲಿಸಿದಳು. ಅವನು ಮೊಳೆಗೆ ನೇತುಹಾಕಿದ ಕ್ಯಾಲೆಂಡರಿನಂತೆ ಗೋಡೆಗೆ ಅಂಟಿ ನಿಂತ.

ದಂಪತಿ ಬಂದರು. ಹೆಂಗಸಿಗೆ ಮಂಡಿನೋವು, ಗೋಡೆ ಹಿಡಿದು ಹಿಡಿದು ಒಳಗೆ ಬಂದಳು. ಆತ ಟೀ ಲೋಟ ಹಿಡಿದು ಮನೆಯೆಲ್ಲ ನೋಡುತ್ತಿದ್ದ. ಎಲ್ಲ ಸುಸೂತ್ರವಾಗಿ ಸಾಗುತ್ತಿದ್ದಾಗ ಅತ್ತಿಗೆ ಇಳಿದುಬಂದಳು, ಸಹಾಯಕ್ಕೆ.

“ಕಪಾಟು ಯಾಕೆ ಇಲ್ಲಿಗೆ ಬಂತೇ? ಹಿಂದಿನ ತೇವ ಇನ್ನೂ ಆರಿಲ್ವಾ?” ಎಂದವಳು, ಟೈಲರಮ್ಮನ ಮುಖ ನೋಡಿ ತಕ್ಷಣ ತಿದ್ದಿಕೊಂಡಳು. “ಅದು ಮಳೆಗಾಲದಲ್ಲಿ ಮಾತ್ರ. ಬೇಸಿಗೇಲಿ ಇಲ್ಲಿ ನೀರಿನ ಪಸೆಯೇ ಇರಲ್ಲ. ನಲ್ಲೀಲೂ ಇರಲ್ಲ.”

ಅವಳ ಬಾಯಿ ಮುಚ್ಚಿಸಲು ಗಂಡ ಗಾಬರಿಯಿಂದ ಒಂದು ಹೆಜ್ಜೆ ಮುಂದೆ ಬಂದ. ಅದುವರೆಗೆ ಅವನ ಬೆನ್ನನ್ನೇ ನಂಬಿಕೊಂಡಿದ್ದ ಗಾರೆ ಪಟಪಟನೆ ಉದುರಿತು. ಒಂದು ಚೂರು ಮನೆ ನೋಡಲು ಬಂದಾತನ ಲೋಟಕ್ಕೇ ಬಿತ್ತು. ಆತ ಲೋಟದೊಳಗೆ ಇಣುಕಿದ, ಗೋಡೆ ನೋಡಿದ, ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

ಮುಗಿಯಿತು ಎಂದುಕೊಂಡಳು ಟೈಲರಮ್ಮ. ಆದರೆ ಆ ಹೆಂಗಸು ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಿತ್ತಲ ಬಾಗಿಲಿಗೆ ಮತ್ತೆ ಮತ್ತೆ ನಡೆಯುತ್ತಿದ್ದಳು. ಮುಖದಲ್ಲಿ ಮಗುವಿನ ಕುತೂಹಲವಿತ್ತು.

“ಎಲ್ಲೂ ಒಂದು ಮೆಟ್ಟಿಲಿಲ್ಲ ನೋಡಿ. ನಮ್ಮದು ದೊಡ್ಡ ಮನೆ. ಮೇಲೆ ಹತ್ತಿ ಎಷ್ಟೋ ದಿನ ಆಯ್ತು. ನನ್ನ ಮನೇಲೇ ಅರ್ಧ ಮನೆ ನನಗೆ ಊರಾಚೆ ಇದ್ದ ಹಾಗೆ. ಗೋಡೆ ಬೇಕಾದ್ರೆ ಮೆತ್ತಿಸ್ಕೋಬಹುದು.”

ಟೈಲರಮ್ಮನಿಗೆ ಅವಳ ಮೇಲೆ ಅಕ್ಕರೆ ಉಕ್ಕಿತು. ತಾನು ಚಿಲಕಕ್ಕೆ ಸೋತೆ, ಇವಳು ಮೆಟ್ಟಿಲಿಲ್ಲದ ನೆಲಕ್ಕೆ ಸೋತಳು. ಒಂದು ಇಡೀ ಮನೆಯಲ್ಲಿ ಹೆಂಗಸು ಬಯಸುವುದು ಇಷ್ಟೇ ಇಷ್ಟು, ಅದಕ್ಕೆ ಇಡೀ ಮನೆಯನ್ನೇ ಕೊಳ್ಳಬೇಕು. ಈ ಯೋಚನೆಯಲ್ಲಿ ಚೌಕಾಸಿಯನ್ನೂ ಮರೆತು, ಅವರು ಕೇಳಿದ ಬೆಲೆಗೇ ಒಪ್ಪಿದಳು.

“ಹಣ?” ಎಂದು ಗಂಡ ಕೇಳಿದ.

“ರೆಡಿ ಇದೆ,” ಎಂದ ಬಂದಾತ.

ಅದೇ ಎರಡು ಮಾತನ್ನು ತಾನೂ ಹೇಳಿದ್ದು ಟೈಲರಮ್ಮನಿಗೆ ನೆನಪಾಯಿತು. ಅವಳು ಆ ಹೆಂಗಸಿನ ಕಡೆ ತಿರುಗಿ, ಕೈಯಲ್ಲೇ ಇದೆಯಾ ಎಂದು ಮೆಲ್ಲಗೆ ಕೇಳಿದಳು.

ಹೆಂಗಸು ಗಂಡನನ್ನೊಮ್ಮೆ ನೋಡಿ ನಿಟ್ಟುಸಿರಿಟ್ಟಳು. “ನಿಮ್ಮ ಹತ್ರ ಸುಳ್ಳು ಯಾಕೆ? ನಮ್ಮ ದೊಡ್ಡ ಮನೆ ಮಾರಿದ ಹಣ ಬರಬೇಕು. ಭಯ ಏನಿಲ್ಲ. ತಗೊಳ್ತಿರೋರು ಬ್ಯಾಂಕಲ್ಲಿ ಇದ್ದೋರು. ಅವರ ಮನೇನೂ ಮಾರಾಟ ಆಗಿದೆ, ಆ ಹಣ ಬಂದ ತಕ್ಷಣ ನಮಗೆ ಕೊಡ್ತಾರೆ. ಯಾರೋ ಬಟ್ಟೆ ಹೊಲಿಯೋ ಹೆಂಗಸಂತೆ ತಗೊಂಡಿರೋದು. ಪೂರ್ತಿ ಹಣ ರೆಡಿ ಇಟ್ಕೊಂಡಿದಾಳಂತೆ.”

ಟೈಲರಮ್ಮನ ಗಂಡ ಹಿಂದೆ ಸರಿದು ಮತ್ತೆ ಗೋಡೆಗೆ ಅಂಟಿಕೊಂಡ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಯ್ತಣ್ಣ ತಿರುಗದೆ ನಿಂತಿದ್ದ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

“ನಿಮ್ಮ ಮುಖ ಯಾಕೆ ಹೀಗಾಯ್ತು? ಆ ಹೆಂಗಸು ನಿಮಗೆ ಗೊತ್ತಾ?” ಹೆಂಗಸು ಕೇಳಿದಳು.

“ಗೊತ್ತು. ಒಳ್ಳೆಯವಳೇ,” ಎಂದಳು ಟೈಲರಮ್ಮ. “ಅವಳ ಮನೆ ಇನ್ನೂ ಮಾರಾಟ ಆಗಿಲ್ಲ, ಅಷ್ಟೇ.”

“ಅಯ್ಯೋ. ಯಾವಾಗ ಆಗುತ್ತಂತೆ?”

“ನೀವು ಹಣ ಕೊಟ್ಟ ತಕ್ಷಣ.”

ಆ ಬಟ್ಟೆ ಹೊಲಿಯುವವಳು ಯಾರೆಂದು ಅರ್ಥವಾಯಿತು. ಮಂಡಿನೋವಿನ ಹೆಂಗಸು ಕೈಗೆ ಸಿಕ್ಕ ಕುರ್ಚಿಯಲ್ಲಿ ಕುಸಿದಳು, ಟೈಲರಮ್ಮ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಇಬ್ಬರೂ ಒಟ್ಟಿಗೆ ತಲೆಯೆತ್ತಿ ಆಯ್ತಣ್ಣನನ್ನು ನೋಡಿದರು.

“ಹಣ ರೆಡಿ ಇದೆ ಅಂತ ಹೇಳೋಕೆ ನಮಗೆಲ್ಲ ಕಲಿಸಿದ್ದು ನೀವೇ ಅಲ್ವಾ?” ಎಂದಳು ಟೈಲರಮ್ಮ.

“ಕಲಿಸಿದ್ದು ನಾನೇ ಅಕ್ಕ,” ಎಂದ ಆಯ್ತಣ್ಣ ದೀನನಾಗಿ. “ಆದ್ರೆ ಮೂರು ಮನೆಯವರಲ್ಲಿ ಒಬ್ಬರಾದ್ರೂ ನಿಜ ಹೇಳ್ತಿದೀರಿ ಅಂದ್ಕೊಂಡಿದ್ದೆ.”