ಮಗಳಿಗೆ ಹೊಗಳಿಕೆಯ ಕಾಟ

"ಎಸ್ಸೆಸ್ಸೆಲ್ಸಿ ದಾಟದವಳು, ಚೀನಾದವನನ್ನು ಕಟ್ಟಿಕೊಂಡು ಮ್ಯಾಂಚೆಸ್ಟರಿನಲ್ಲಿ ಸಂಸಾರ ಮಾಡ್ತಾಳಂತೆ! ವರ್ಷ ತುಂಬಲಿ, ನೋಡೋಣ" ಎಂದವರು ನಮ್ಮ ಸೋದರತ್ತೆ. ಹದಿನೆಂಟು ತುಂಬಿತು. ಅದೇ ಊರಿನ ಫಾಲೋಫೀಲ್ಡಿನಲ್ಲಿ ದೋಸೆ ಅಂಗಡಿ ನಡೆಸುತ್ತೇನೆ, ಸಂಸಾರವೂ ನಡೆಯುತ್ತಿದೆ. ನಡೆಯುವ ಸಂಸಾರದಲ್ಲಿ ಇಂಥವೂ ನಡೆಯುತ್ತಿರುತ್ತವೆ.

ನಾಯ್‌ನಾಯ್

ಗಂಡನ ಊರು ತಿಯಾಂಜಿನ್. ಅಲ್ಲಿ ಅಪ್ಪನ ಅಮ್ಮನಿಗೆ 'ನಾಯ್‌ನಾಯ್' ಅನ್ನುತ್ತಾರೆ. ಮಗಳು ಚಿಕ್ಕವಳಿದ್ದಾಗ ಸ್ಕೈಪಿನಲ್ಲಿ ನಮ್ಮಮ್ಮನಿಗೆ, "ಅಜ್ಜಿ, ನಿನ್ನೆ ಚೀನಾದಿಂದ ನಾಯ್‌ನಾಯ್ ಫೋನ್ ಮಾಡಿದ್ರು" ಅಂದಳು. ಅಮ್ಮ ನನ್ನನ್ನು ಕರೆದು ದನಿ ತಗ್ಗಿಸಿದಳು: "ಅತ್ತೆಯನ್ನ ನಾವು ಮನಸ್ಸಲ್ಲಿ ಏನು ಬೇಕಾದ್ರೂ ಅಂದ್ಕೋಬಹುದು ಕಣೇ. ಮಗೂಗೆ ಯಾಕೆ ಹೇಳಿಕೊಟ್ಟೆ?"

ನೀನ್

ಚೀನೀ ಭಾಷೆಯಲ್ಲಿ ಸರೀಕರಿಗೆ 'ನೀ', ಹಿರಿಯರಿಗೆ ಗೌರವದಿಂದ 'ನೀನ್'. ಲೈಬ್ರರಿ ಪುಸ್ತಕ ಹಿಡಿದು ನಾನೇ ಕಲಿತು, ಮಗಳಿಗೂ ಕಲಿಸಿದ್ದೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಅವಳು ಅದನ್ನೇ ಕನ್ನಡಕ್ಕೂ ಹಚ್ಚಿ, ಎಪ್ಪತ್ತು ದಾಟಿದ ನಮ್ಮ ಡಾಕ್ಟರ ಮುಂದೆ ಬಾಗಿ, "ಅಂಕಲ್, ನೀನ್ ಊಟ ಮಾಡಿದ್ಯಾ?" ಅಂದಳು. ನನಗೆ ಜೀವ ಹೋದಂತಾಯಿತು. ಡಾಕ್ಟರು ಕಣ್ಣರಳಿಸಿ, "ಭಲೇ! ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀಯಮ್ಮ!" ಅಂದರು.

ಮನೆಗೆ ಬಂದು ಮಗಳು ಅತ್ತಳು, ಇಂಗ್ಲಿಷಿನಲ್ಲಿ. "ಅವರ ಮೊಮ್ಮಗ ಹಾಗಂದಿದ್ರೆ ಕಪಾಳಕ್ಕೆ ಬಿಡ್ತಿದ್ರು. ನಾನು ಹೊರಗಿನವಳು, ಅದಕ್ಕೇ ಹೊಗಳಿದ್ರು."

ಏಟು ತಿನ್ನಲಿಲ್ಲವೆಂದು ಅಳುವ ಮಗುವನ್ನು ಸಮಾಧಾನ ಮಾಡುವುದು ಹೇಗೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅರ್ಧ

ಚೀನಾದಿಂದ ಓದಲು ಬಂದ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಮಗಳು ಚೀನೀಯಲ್ಲೇ ಆರ್ಡರ್ ತೆಗೆದುಕೊಂಡಳು.

"ಅಬ್ಬಾ, ಫಾರಿನರ್ ಆಗಿ ಎಷ್ಟು ಚೆನ್ನಾಗಿ ಮಾತಾಡ್ತೀಯ!"

"ನಾನು ಅರ್ಧ ಚೀನಾದವಳು."

"ಹೌದಾ? ಯಾವ ಅರ್ಧ?"

ಮಗಳು ಒಳಗೆ ಹೋಗಿ ಅರ್ಧ ದೋಸೆ ತಂದಿಟ್ಟಳು.

"ಇನ್ನರ್ಧ ಎಲ್ಲಿ?"

"ಯಾವ ಅರ್ಧ?"

ಬೈಗುಳ

ಮಗಳಿಗೆ ಹದಿನಾರಾದ ವರ್ಷ ತಿಯಾಂಜಿನ್‌ನಿಂದ ಅತ್ತೆ ಬಂದರು. ಮೂವರೂ ಚೀನೀ ಸೂಪರ್‌ಮಾರ್ಕೆಟ್ಟಿಗೆ ಹೋದೆವು. ಮಗಳು ಮಾತಾಡಿದ್ದನ್ನು ಕೇಳಿ ಬಿಲ್ ಹಾಕುವ ಹೆಂಗಸು ಅತ್ತೆಗೆ, "ನಿಮ್ಮ ಜೊತೆಗಿರೋ ಫಾರಿನ್ ಹುಡುಗಿ ಎಷ್ಟು ಚೆನ್ನಾಗಿ ಚೀನೀ ಮಾತಾಡ್ತಾಳೆ!" ಅಂದಳು.

ಅತ್ತೆ ಕೆಂಡವಾದರು. "ಏನು ಚೆನ್ನಾಗಿ? ನನ್ನ ಮೊಮ್ಮಗಳಿವಳು! ಸಾಸ್ ಕೊಳ್ಳಬೇಕು ಅನ್ನೋಕೆ ರಾಗ ತಪ್ಪಿ ಮಾರಬೇಕು ಅಂತಾಳೆ! ನಮ್ಮ ವಂಶದಲ್ಲಿ ಇಂಥ ದಡ್ಡಿ ಹುಟ್ಟಿರಲಿಲ್ಲ!"

ಚೀನೀಯಲ್ಲಿ ಕೊಳ್ಳುವುದೂ 'ಮಾಯ್', ಮಾರುವುದೂ 'ಮಾಯ್', ರಾಗವಷ್ಟೇ ಬೇರೆ. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಗಳು ನನ್ನ ತೋಳು ಹಿಡಿದು, "ಅಮ್ಮಾ, ಎಲ್ಲರ ಮುಂದೆ ಬೈದ್ರು!" ಅಂದಳು, ಮುಖ ಅರಳಿತ್ತು. "ಇನ್ನೊಂದು ಅಂಗಡಿಗೂ ಹೋಗೋಣ."

ಈಗ ನನಗೆ ಸ್ವಂತ ಅಂಗಡಿಯಿದೆ, ಸ್ವಂತ ಮನೆಯಿದೆ, ಬೈಸಿಕೊಂಡು ನಗುವ ಮಗಳಿದ್ದಾಳೆ. ಅಂಗಡಿಗೂ ಮನೆಗೂ ಬೆವರು ಸಾಕಾಯಿತು. ಮಗಳ ನಗುವಿಗೆ ನಾನು ತೆತ್ತದ್ದು ಅತ್ತೆಯ ಆರು ತಿಂಗಳ ವೀಸಾ. ಒಂದು ದಿನವೂ ಪೋಲು ಮಾಡದೆ ಅಷ್ಟನ್ನೂ ಅವರು ನನ್ನ ಅಡುಗೆಮನೆಯಲ್ಲೇ ಕಳೆದರು.