ನಿಲ್ದಾಣದ ಮೈಕಿನಲ್ಲಿ ಏಳನೆಯ ಹಾಡು

ಬಸ್ ನಿಲ್ದಾಣದ ಅನೌನ್ಸರ್ ಸಾಹೇಬರು ಕನ್ನಡಿಯ ಮುಂದೆ ನಿಂತು ಘೋರ ಪ್ರತಿಜ್ಞೆ ಮಾಡಿದರು: "ಜಗತ್ತೇ ಗೊಳೋ ಎನ್ನುವಂಥ ಪ್ರೇಮದ ಪಾಪ್ ಆಲ್ಬಂ ಮಾಡಿಯೇ ಸಿದ್ಧ!" ಎಂಟು ಹಾಡು, ಒಂದೇ ಕಥೆ, ಮೊದಲ ನೋಟದಿಂದ ಹಿಡಿದು, ಮುನಿದು ಹೋದ ಹೆಂಡತಿ ಮನೆಗೆ ಮರಳುವವರೆಗೆ.

"ಯಾರ ಕಥೇರೀ ಅದು?" ಅಡುಗೆಮನೆಯಿಂದ ಹೆಂಡತಿಯ ದನಿ.

"ನಮ್ಮದೇ ಕಣೇ!"

"ಮರಳೋದಕ್ಕೆ ನಾನಿನ್ನೂ ಹೊರಟೇ ಇಲ್ವಲ್ಲ! ಭಾನುವಾರ ಅಕ್ಕನ ಮನೆಗೆ ಹೋಗ್ತೀನಿ, ಅಲ್ಲೇ ಇರ್ತೀನಿ. ಊರಿಗೆಲ್ಲ ಮಾತು ಹಂಚಿ ಬಂದು ಮನೇಲಿ ಮೂಗನ ಹಾಗೆ ಕೂರೋರ ಜೊತೆ ಇನ್ನೆಷ್ಟು ದಿನ ಗೋಡೆ ನೋಡ್ಲಿ?"

ಮಂಚದಡಿಯಿಂದ ಹೊರಬಂದಿದ್ದ ಸೂಟ್‌ಕೇಸ್ ಕೂಡ ಅದನ್ನೇ ಹೇಳುತ್ತಿತ್ತು. ಭಾನುವಾರದೊಳಗೆ ಆಲ್ಬಂ ಮುಗಿಯಲೇಬೇಕು!

ಮನೆಯಲ್ಲಿ ಮಿಕ್ಸರು, ಪಕ್ಕದಲ್ಲಿ ನಾಯಿ. ಊರಿಗೆಲ್ಲ ಸದ್ದಿಲ್ಲದ ಜಾಗವೆಂದರೆ ಅವರ ಅನೌನ್ಸ್‌ಮೆಂಟ್ ಕೋಣೆಯೊಂದೇ. ಗೋಡೆಗೆಲ್ಲ ಸ್ಪಂಜು, ಹೊರಗೆ ಆನೆ ಸೀನಿದರೂ ಒಳಗೆ ಕೇಳಿಸದು. ಶುಕ್ರವಾರ ಸಂಜೆ ಅಲ್ಲಿ ಕೀಬೋರ್ಡನ್ನು ಮಡಿಲಲ್ಲಿಟ್ಟುಕೊಂಡು, ರೆಡಿಮೇಡ್ ತಾಳ ಒತ್ತಿ, ಏಳನೆಯ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡತೊಡಗಿದರು. ವಿರಹದ ಹಾಡು! ಆದರೆ ಜೀವಮಾನದ ಚಾಳಿ ಎಲ್ಲಿ ಹೋಗುತ್ತದೆ?

"ದಯವಿಟ್ಟು ಗಮನಿಸು ಗೆಳತೀ... ನನ್ನ ಹೃದಯ ಅನಿರ್ದಿಷ್ಟ ಕಾಲ ತಡವಾಗಿದೆ..."

ಕಣ್ಣೀರಿನಲ್ಲಿ ಅರ್ಧ ಕೀಬೋರ್ಡ್ ಮುಳುಗಿತು. ಮೇಜಿನ ಮೈಕಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ಆರಿಸಲು ಅವರು ಮರೆತಿದ್ದರು! ಹೊರಗೆ ನಿಲ್ದಾಣದ ಸ್ಪೀಕರುಗಳೆಲ್ಲ ಒಟ್ಟಾಗಿ ಗೋಳಿಟ್ಟವು. ಕಂಡಕ್ಟರೊಬ್ಬ ಟಿಕೆಟ್ ಹರಿಯುವುದನ್ನು ಬಿಟ್ಟು ಮೂಗೊರೆಸಿಕೊಂಡ.

ಬಸ್ ಬಿಡಿಸುವ ಕಂಟ್ರೋಲರ್ ಬಾಗಿಲು ಮುರಿಯುವಂತೆ ತಳ್ಳಿ ಒಳನುಗ್ಗಿದ. "ಸ್ವಾಮೀ, ನಿಮ್ಮ ಹೃದಯ ಹಾಳಾಗ್ಲಿ! ಬಸ್ಸುಗಳು ಖಾಲಿ ಹೋಗ್ತಿವೆ!"

ಸಾಹೇಬರು ಹೊರಗೋಡಿದರು. ಎದುರಿನ ಬೆಂಚಿನ ಮೇಲೆ ಅದೇ ಸೂಟ್‌ಕೇಸ್, ಪಕ್ಕದಲ್ಲಿ ಹೆಂಡತಿ. ಕಣ್ಣು ಕೆಂಪಾಗಿತ್ತು.

"ಭಾನುವಾರ ಅಂತ ನೀನೇ ಅಂದಿದ್ದೆಯಲ್ಲೇ!"

"ಅಲ್ಲೀವರೆಗೆ ರಾತ್ರಿಯೆಲ್ಲ ಮನೇಲಿ ಆ ಕೀಬೋರ್ಡ್ ಕೇಳೋ ಶಕ್ತಿ ಇರ್ಲಿಲ್ಲ."

ಸಾಹೇಬರ ಎದೆ ಬಲೂನಿನಂತೆ ಉಬ್ಬಿತು. "ಹಾಡು ಕೇಳಿ ಉಳ್ಕೊಂಡ್ಯಾ?"

"ಉಳ್ಕೊಳ್ಳೋದೆಲ್ಲಿ ಬಂತು! ಯಾವ ಬಸ್ ಎಲ್ಲಿ ನಿಂತಿದೆ ಅಂತ ನೀವು ಕೂಗಿದ್ರೆ ತಾನೇ ಗೊತ್ತಾಗೋದು? ನನ್ನ ಬಸ್ ಕಣ್ಮುಂದೇನೇ ಹೊರಟೋಯ್ತು."

ಸೂಟ್‌ಕೇಸ್ ಹೊತ್ತು ಸಾಹೇಬರು ಹಿಂದೆ ಹಿಂದೆ ನಡೆದರು. ಮನೆ ಬಾಗಿಲಲ್ಲಿ ಆಕೆಯೇ ಕೇಳಿದರು, "ಎಂಟನೇ ಹಾಡಲ್ಲಿ ಅವಳು ವಾಪಸ್ ಬರ್ತಾಳಲ್ಲ, ಬರೆದಾಯ್ತಾ?"

"ಈಗಲೇ ಬರೀತೀನಿ ಕಣೇ!"

"ಬೇಡ, ಮಲ್ಕೊಳ್ಳಿ. ಬೆಳಿಗ್ಗೆ ಅಕ್ಕನ ಊರಿಗೆ ಮೊದಲನೇ ಬಸ್ಸಿದೆ. ಅದನ್ನಾದ್ರೂ ರಾಗ ಎಳೀದೆ ಕೂಗಿ."